ಏನೂ ಮಾಡದ ಎರಡು ದಿನ



ಸೋಮವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಟೀ ಅಂಗಡಿ ಮುಂದೆ ನಿಂತಿದ್ದೆ. ನಮ್ಮೂರಿನವರೇ ಒಬ್ಬರು ಕೇಳಿದರು: "ಏನಣ್ಣ, ಶನಿವಾರ ಭಾನುವಾರ ತೋಟದ ಕಡೆ ತಲೇನೇ ಹಾಕಿಲ್ಲ. ಹುಷಾರಿರಲಿಲ್ವಾ?"

"ಚೆನ್ನಾಗೇ ಇದ್ದೆ. ಮನೇಲಿದ್ದೆ."

"ಮನೇಲಿ ಏನ್ ಮಾಡ್ತಿದ್ರಿ?"

"ಏನಿಲ್ಲ, ಸುಮ್ನೆ."

ಪಕ್ಕದಲ್ಲಿದ್ದ ಹುಡುಗ "ಅಣ್ಣ ರಿಟೈರ್ ಆದ್ರು ಬಿಡಿ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬರೋ ದಾರೀಲಿ ನನ್ನ ಮೇಲೇ ಸಿಟ್ಟು ಬಂತು. ಎರಡು ದಿನ ಬೆನ್ನು ನೆಟ್ಟಗೆ ಮಾಡಿಲ್ಲ, ಆದ್ರೂ ಬಾಯಲ್ಲಿ ಬಂದಿದ್ದು "ಏನಿಲ್ಲ". ಅದಕ್ಕೇ ಇದನ್ನ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಮೊದಲು ಆ "ಏನಿಲ್ಲ" ಅಂದ್ರೆ ಏನು ಅಂತ ಲೆಕ್ಕ ಒಪ್ಪಿಸ್ತೀನಿ. ಯುಗಾದಿ ಕಳೆದ ಮೊದಲ ವಾರ. ರಾಗಿ ಮನೆ ಸೇರಿದೆ, ಮಳೆ ಬೀಳೋವರೆಗೆ ಹೊಲದಲ್ಲಿ ಕೆಲಸ ಇಲ್ಲ. ಹೊಂಗೆ ಚಿಗುರಿದೆ, ಬೇವಿನ ಹೂ ಅಂಗಳಕ್ಕೆಲ್ಲ ಉದುರ್ತಿದೆ. ಶನಿವಾರ ಗುದ್ದಲಿಗೆ ಹೊಸ ಕಾವು ಹಾಕಿದೆ. ಮೂರು ಕುಡುಗೋಲು ಮಸೆದೆ. ಬಚ್ಚಲ ಕಾಲುವೆ ಕಟ್ಟಿಕೊಂಡಿತ್ತು. ಕೆಸರು ಎತ್ತಿ ಬಾಳೆ ಬುಡಕ್ಕೆ ಹಾಕಿ, ನೀರು ಮೊದಲು ಬಾಳೆಗೆ, ಅಲ್ಲಿಂದ ಕೆಸುವಿಗೆ ಹೋಗೋ ಹಾಗೆ ತಿರುಗಿಸಿದೆ. ಕಾಯಿ ಮುಗಿದಿದ್ದ ನುಗ್ಗೆ ಕೊಂಬೆ ಕಡಿದು, ಅದರಲ್ಲೇ ಎರಡು ಗೂಟ ಬೇಲಿ ಪಕ್ಕ ನೆಟ್ಟೆ. ತರಗು ಗುಡಿಸಿ, ಬೆಂಕಿ ಹಾಕದೆ, ದಂಟು ಮತ್ತು ಮೆಂತ್ಯದ ಮಡಿಗಳ ಸುತ್ತ ಹೊದಿಕೆ ಮಾಡಿದೆ.

ಭಾನುವಾರ ಹುಣಸೆಹಣ್ಣು. ನಮ್ಮ ಮನೆಯವರು, ನಾನು, ಬೆಂಗಳೂರಿಂದ ಬಂದಿದ್ದ ಮಗ ಕೂತು ಬಡಿದು, ಬೀಜ ನಾರು ತೆಗೆದು, ಉಪ್ಪು ಹಾಕಿ ಮಡಕೆಗೆ ತುಂಬಿದ್ವಿ. ಮಧ್ಯಾಹ್ನ ಬಚ್ಚಲ ಕಾಲುವೆ ಬದಿಯ ಹೊನಗೊನ್ನೆ, ಗಣಿಕೆ, ಮಡೀಲಿದ್ದ ದಂಟು ಸೇರಿಸಿ ಬೆರಕೆ ಸೊಪ್ಪಿನ ಸಾರು, ಮುದ್ದೆ. ಊಟ ಆದ್ಮೇಲೆ ಚಪ್ಪರದವರೆ ಬೀಜ ಆರಿಸೋಕೆ ಕೂತೆ. ತೂತು ಬಿದ್ದದ್ದು, ಸುಕ್ಕಾಗಿದ್ದು ತೆಗೆದು, ಗಟ್ಟಿ ಕಾಳಿಗೆ ಒಲೆ ಬೂದಿ ಬೆರೆಸಿ, ಒಣಗಿದ ಸೋರೆ ಬುರುಡೆಗೆ ತುಂಬಿ ಅಟ್ಟಕ್ಕೆ ಹಾಕಿದೆ. ಇಷ್ಟೇ ನನ್ನ "ಏನಿಲ್ಲ".

ಈಗ ನಾನು ಮಾಡಿದ ತಪ್ಪು ಹೇಳ್ತೀನಿ. ನಾನೇನು ದೊಡ್ಡ ಸಾಚಾ ಅಲ್ಲ.

2014ರಲ್ಲಿ ಅಡಿಕೆ ರೇಟು ಹೇಗೆ ಏರಿತ್ತು ಅಂತ ನಿಮಗೆಲ್ಲ ನೆನಪಿದೆ. ಆ ವರ್ಷ ನಮ್ಮ ಗುಬ್ಬಿ, ತಿಪಟೂರು ಕಡೆ ಸಸಿ ಹುಡುಕದವರು ಯಾರಿದ್ರು? ನನ್ನ ಮನೆ ಹಿಂದೆ ನಾಲ್ಕು ಗುಂಟೆ ಹಿತ್ತಲಿತ್ತು. ಅವರೆ ಚಪ್ಪರ, ಬದನೆ, ಸೀಬೆ, ದೊಡ್ಡಪತ್ರೆ, ಕನಕಾಂಬರ, ಎಲ್ಲ ಅವ್ವನ ಕೈದು. ಒಂದೇ ದಿನ ಜೆಸಿಬಿ ತರಿಸಿ ಬಳಿಸಿಬಿಟ್ಟೆ. ಒಂಬತ್ತಡಿಗೊಂದರಂತೆ ಲೆಕ್ಕ ಹಾಕಿ 50 ಅಡಿಕೆ ಸಸಿ ಇಟ್ಟೆ. ಅವ್ವನ್ನ ಕೇಳಲಿಲ್ಲ, ಮನೆಯವರನ್ನೂ ಕೇಳಲಿಲ್ಲ. "ಕರಿಬೇವಿನ ಗಿಡ ಒಂದಾದ್ರೂ ಬಿಡಿ" ಅಂದರು ನಮ್ಮ ಮನೆಯವರು. ಅದೊಂದನ್ನ ಬಿಟ್ಟೆ, ದೊಡ್ಡ ಉಪಕಾರ ಮಾಡಿದವನ ಹಾಗೆ.

2016ರಲ್ಲಿ ಅವ್ವ ಹೋದರು. ಮರುವರ್ಷ ಬೇಸಿಗೇಲಿ ಬೋರ್ ನಿಂತಿತು. 50ರಲ್ಲಿ ಉಳಿದದ್ದು 18 ಗಿಡ. ಬೀಜದ ನೆನಪಾಗಿ ಅಟ್ಟ ಹತ್ತಿ ಬುರುಡೆ ಇಳಿಸಿದರೆ, ಮೂರು ವರ್ಷ ಬಿತ್ತದೆ ಇಟ್ಟ ಅವರೆ ಹುಳ ತಿಂದು ಹಿಟ್ಟಾಗಿತ್ತು. ಬದನೆ ಬೀಜ ಮೊಳೆಯಲಿಲ್ಲ.

ಆಮೇಲೆ ಒಂದು ಸಂಕ್ರಾಂತಿಗೆ ಅಕ್ಕನ ಮನೆಗೆ ಹೋಗಿದ್ದೆ. ಒಳಗೆ ಅವರೆಕಾಳು ಸಾರು ಕುದೀತಿತ್ತು. ಆ ಸೊಗಡು ಬಾಗಿಲಲ್ಲೇ ಗೊತ್ತಾಯ್ತು. "ಅಕ್ಕ, ಇದು ಅವ್ವನ ಅವರೆ ಅಲ್ವಾ?" ಅಂದೆ. "ಹೂಂ ಕಣೋ, ನನ್ನ ಮದುವೆ ವರ್ಷ ಅವ್ವ ಸೆರಗಿಗೆ ಕಟ್ಟಿ ಕಳಿಸಿದ್ಲು. ಯಾಕೆ, ನಿನ್ನತ್ರ ಇಲ್ವೇನೋ?" ಅಂದಳು. ಅವ್ವನ ಮನೇಲಿ ಇರೋನು ನಾನು. ಏನು ಉತ್ತರ ಹೇಳಲಿ?

ಅಕ್ಕ ಒಂದು ಬೊಗಸೆ ಕೊಟ್ಟಳು. ಒಣಗಿದ ಅಡಿಕೆ ಕಿತ್ತು ಎರಡು ಗುಂಟೆ ಮತ್ತೆ ಹಿತ್ತಲು ಮಾಡಿದೆ. ಭಾನುವಾರ ಆರಿಸಿದ್ದು ಅದೇ ಅವರೆ. ಬದನೆ ಮಾತ್ರ ಅಕ್ಕನ ಮನೇಲೂ ಇಲ್ಲ.

ಈಗ ನೀವು ಹೇಳೋ ಮಾತುಗಳಿಗೆ ಬರ್ತೀನಿ.

"ಎರಡು ಗುಂಟೇಲಿ ಏನ್ ಸಿಗುತ್ತೆ, ಅಡಿಕೆ ಆದ್ರೆ ದುಡ್ಡಾದ್ರೂ ಬರುತ್ತೆ." ಸರಿ, ಲೆಕ್ಕಾನೇ ಹಾಕೋಣ. ಹಿತ್ತಲಿಲ್ಲದ ವರ್ಷಗಳಲ್ಲಿ ಸಂತೇಲಿ ವಾರಕ್ಕೆ 300 ರೂಪಾಯಿ ಸೊಪ್ಪು ತರಕಾರಿಗೇ ಹೋಗ್ತಿತ್ತು. ಈಗ 100 ದಾಟಲ್ಲ. ವರ್ಷಕ್ಕೆ 10,400 ಉಳೀತು. ನೀರು ಚೆನ್ನಾಗಿದ್ದು, ರೋಗ ಬರದೆ, ರೇಟೂ ನಿಂತರೆ ಅಷ್ಟು ಜಾಗದ ಅಡಿಕೆ ಇದಕ್ಕಿಂತ ಜಾಸ್ತಿ ಕೊಡಬಹುದು, ಸುಳ್ಳು ಹೇಳಲ್ಲ. ನಾನು ಅಡಿಕೆ ವಿರೋಧಿ ಅಲ್ಲ, ನನ್ನ ತೋಟದಲ್ಲೂ ಇದೆ. ಆದರೆ ಬೋರ್ ನಿಂತ ವರ್ಷ ಅಡಿಕೆ ಒಂದು ರೂಪಾಯಿ ಕೊಡಲಿಲ್ಲ. ಬಚ್ಚಲ ನೀರಲ್ಲಿ ಬಾಳೆ, ಕೆಸುವು, ಸೊಪ್ಪು ಬದುಕುತ್ತೆ. ತೋಟದ ತುಂಬ ಅಡಿಕೆ ಹಾಕಿ, ಯಾರು ಬೇಡ ಅಂದ್ರು? ಮನೆ ಗೋಡೆವರೆಗೂ ಯಾಕೆ? ರೈತ ಅಂತ ಹೇಳಿಕೊಂಡು ಸಂತೇಲಿ ಕರಿಬೇವಿಗೆ ಐದು ರೂಪಾಯಿ ಕೊಡೋವಾಗ ನಮಗೆ ಏನೂ ಅನಿಸಲ್ವಾ?

"ಟೈಮ್ ಇಲ್ಲ." ಟೀ ಅಂಗಡಿ ಮುಂದೆ ಒಂದೂವರೆ ಗಂಟೆ ನಿಂತವರು ಈ ಮಾತು ಹೇಳಬಾರದು. ನಾನೂ ನಿಂತಿದ್ದೆ, ನೋಡಿದೀನಿ.

"ಅದೆಲ್ಲ ಹೆಂಗಸರ ಕೆಲಸ." ಇದೇ ಮೂಲ ರೋಗ. ಹಿತ್ತಲನ್ನ ಕಾದವರು ಹೆಂಗಸರು, ಅದಕ್ಕೇ ಅದು ನಮಗೆ ಕೆಲಸ ಅಂತ ಕಾಣಲಿಲ್ಲ. ಬ್ಯಾಂಕ್ ಫಾರಂನಲ್ಲಿ ಉದ್ಯೋಗ ಅನ್ನೋ ಕಡೆ ನನ್ನದು "ಕೃಷಿಕ", ನಮ್ಮ ಮನೆಯವರದು "ಗೃಹಿಣಿ". ಬರೆದವನು ನಾನೇ. ಹಸು ಹಾಲು ಕರೆಯೋದು ಅವರು, ಬೀಜ ಕಟ್ಟಿಡೋದು ಅವರು, ಕಳೆ ಕೀಳೋದು ಅವರು. ಯಾರಾದ್ರೂ ಬಂದು "ಮನೆಯವರು ಏನ್ ಮಾಡ್ತಾರೆ" ಅಂತ ಕೇಳಿದರೆ "ಏನಿಲ್ಲ, ಮನೇಲೇ" ಅಂತಿದ್ದೆ. ಮೂವತ್ತು ವರ್ಷ ಅವರ ಬಗ್ಗೆ ಹೇಳಿದ ಮಾತು ಸೋಮವಾರ ನನ್ನ ಮೇಲೇ ಬಿತ್ತು. ಒಂದು ದಿನಕ್ಕೇ ಇಷ್ಟು ಉರಿಯಿತು.

ಇನ್ನೊಂದು ಮಾತು. ಮನೆ ಸುತ್ತ ಕಳೆನಾಶಕ ಹೊಡೆಯೋದು ಈಗ ಪೊರಕೆ ಹಿಡಿದಷ್ಟು ಸಲೀಸಾಗಿದೆ. ಅದನ್ನ ನಾವು "ಔಷಧಿ" ಅಂತೀವಿ. ಹೊನಗೊನ್ನೆ, ಗಣಿಕೆ, ಅಣ್ಣೆ ಸೊಪ್ಪು ಸಾಯೋದು ಅದರಲ್ಲೇ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಇದೆಯಲ್ಲ, ನಾವು ಅದನ್ನೂ ದಾಟಿದೀವಿ. ಹಿತ್ತಲ ಗಿಡ ಮದ್ದಲ್ಲ, ಅಂಗಡಿ ವಿಷ ಮದ್ದು! ದಯವಿಟ್ಟು ಮನೆ ಹಿಂದಕ್ಕಾದ್ರೂ ಕುರ್ಚಿಗೆ ಹಿಡೀರಿ.

ಬೀಜದ ವಿಷಯದಲ್ಲಿ ಕೆಲವರಿಗೆ ಹೆದರಿಕೆ ಇದೆ, ಕೊಟ್ಟರೆ ಕೇಸಾಗುತ್ತೇನೋ ಅಂತ. ಹಾಗೇನಿಲ್ಲ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರದು. ಅದರ 39ನೇ ಕಲಂ ಪ್ರಕಾರ ರೈತ ತಾನು ಬೆಳೆದ ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ಬದಲಾಯಿಸಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯನ್ನ ಬ್ರಾಂಡ್ ಹಾಕಿ ಮಾರುವ ಹಾಗಿಲ್ಲ, ಅಷ್ಟೆ. ಹಕ್ಕು ಇದೆ, ಬೀಜ ಇಲ್ಲ. ಇದು ನಮ್ಮ ಸ್ಥಿತಿ. ಅಂಗಡಿ ಹೈಬ್ರಿಡ್ ಬೀಜ ಎತ್ತಿಟ್ಟು ಬಿತ್ತಿದರೆ ಮರುವರ್ಷ ತಾಯಿ ಹಾಗೆ ಬರಲ್ಲ. ಪ್ರತಿ ವರ್ಷ ಪ್ಯಾಕೆಟ್ಟಿಗೇ ಕೈ ಚಾಚಬೇಕು.

ನಾನು ಕೇಳೋದು ಇಷ್ಟೇ. ಮಳೆಗೆ ಮುಂಚೆ ಒಂದು ಶನಿವಾರ ಭಾನುವಾರ ಮನೇಲಿರಿ. ಬಚ್ಚಲ ನೀರು ಎಲ್ಲಿ ಹೋಗ್ತಿದೆ ನೋಡಿ. ಎರಡು ಗುಂಟೆ ಇಲ್ಲದಿದ್ರೆ ಅರ್ಧ ಗುಂಟೆ ಬಿಡಿ. ಅಟ್ಟ ಹತ್ತಿ ಬುರುಡೆ, ಮಡಕೆ ಇಳಿಸಿ, ಏನು ಉಳಿದಿದೆ ಅಂತ ಮನೆಯ ಹೆಂಗಸರನ್ನ ಕೇಳಿ. ತವರಿಂದ ಯಾರು ಯಾವ ಬೀಜ ತಂದರು ಅಂತ ಅವರಿಗೇ ಗೊತ್ತಿರೋದು.

ಚಪ್ಪರದವರೆ ಬೀಜ ಬೇಕಾದವರು ಮನೆಗೆ ಬನ್ನಿ, ಒಂದೊಂದು ಬೊಗಸೆ ಕೊಡ್ತೀನಿ. ದುಡ್ಡು ಬೇಡ. ಮುಂದಿನ ಯುಗಾದಿಗೆ ಎರಡು ಬೊಗಸೆ ಮಾಡಿ, ಒಂದನ್ನ ಇನ್ನೊಬ್ಬರಿಗೆ ಕೊಡಿ.

ಹಾಗೇ ಒಂದು ಬೇಡಿಕೆ. ಹಸಿರು ಬದನೆ, ಮೈಮೇಲೆ ಬಿಳಿ ಗೀರು, ತೊಟ್ಟಿಗೆ ಮುಳ್ಳು, ಗಾತ್ರ ಕೋಳಿಮೊಟ್ಟೆಗಿಂತ ಸ್ವಲ್ಪ ದೊಡ್ಡದು, ಎಣ್ಣೆಗಾಯಿಗೆ ಬೆಣ್ಣೆ ಹಾಗೆ ಬೇಯೋದು. ಯಾರ ಹಿತ್ತಲಲ್ಲಾದ್ರೂ, ಯಾರ ಅಕ್ಕ ತಂಗಿ ಮನೇಲಾದ್ರೂ ಇದ್ರೆ ತಿಳಿಸಿ. ಎಷ್ಟು ದೂರ ಆದ್ರೂ ನಾನೇ ಬರ್ತೀನಿ.