ಬೇಸಿಗೆಯ ಹೊಸ ಗೇಮುಗಳೂ ನಮ್ಮ ಮನೆಯ ಕ್ಯಾಲೆಂಡರೂ

ಬೇಸಿಗೆ ಎಂಬ ಶಬ್ದಕ್ಕೆ ನಮ್ಮ ಸೀಮೆಯಲ್ಲಿ ಒಂದು ಅರ್ಥವೂ ಅಮೇರಿಕ ಮುಂತಾದ ದೇಶಗಳಲ್ಲಿ ಮತ್ತೊಂದು ಅರ್ಥವೂ ಇರುವುದರಿಂದ, ಮಕ್ಕಳಿರುವ ಅನೇಕ ಮನೆಗಳಲ್ಲಿ ವರ್ಷಂಪ್ರತಿ ಒಂದು ಸಣ್ಣ ಮನಸ್ತಾಪವು ಉಂಟಾಗುತ್ತಿದೆ. ನಮಗೆ ಬೇಸಿಗೆಯೆಂದರೆ ಏಪ್ರಿಲ್, ಮೇ ತಿಂಗಳುಗಳು. ಮಾವು ಹಲಸುಗಳ ಕಾಲ. ಮಾಳಿಗೆಯ ಮೇಲೆ ಸಂಡಿಗೆ ಒಣಗುವ ಕಾಲ. ಅಜ್ಜಿಯ ಮನೆಗೆ ಹೋಗುವ ಕಾಲ. ಅವರಿಗಾದರೋ ಜೂನ್, ಜುಲೈ, ಆಗಸ್ಟ್. ಅಲ್ಲಿ ಶಾಲೆಗಳು ಮುಚ್ಚುವ ಹೊತ್ತಿಗೆ ಇಲ್ಲಿ ಶಾಲೆಯ ಗಂಟೆಯು ಬಾರಿಸುತ್ತದೆ. ಮಳೆ ಹಿಡಿದಿರುತ್ತದೆ, ಹೊಸ ಪುಸ್ತಕಗಳಿಗೆ ಹೊದಿಕೆ ಹಾಕುವ ಕೆಲಸವು ಅರ್ಧಕ್ಕೆ ನಿಂತಿರುತ್ತದೆ, ಹಳೆಯ ಛತ್ರಿಯ ಕಡ್ಡಿ ಮುರಿದಿರುತ್ತದೆ. ಅಂತಹ ಸಮಯದಲ್ಲಿ ಮಗಳು ತಾಯಿಯ ಬಳಿಗೆ ಬಂದು, "ಅಮ್ಮಾ, ಬೇಸಿಗೆಯ ಹೊಸ ವಿಡಿಯೋ ಗೇಮುಗಳು ಬರುತ್ತಲಿವೆ, ಒಂದಕ್ಕಾದರೂ ಈಗಲೇ ಹಣ ಕಟ್ಟೋಣ" ಎನ್ನುತ್ತಾಳೆ. ತಾಯಿಯು ಕಿಟಕಿಯಾಚೆ ಸುರಿಯುವ ಮಳೆಯನ್ನು ನೋಡಿ, "ಯಾವ ಬೇಸಿಗೆಯೇ?" ಎಂದು ಕೇಳುತ್ತಾಳೆ.

ಈ ಪ್ರಶ್ನೆಯು ಸಿಟ್ಟಿನಿಂದ ಹುಟ್ಟಿದುದಾದರೂ ಬಹಳ ಸರಿಯಾದ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ. ಅದನ್ನೇ ಸ್ವಲ್ಪ ವಿಸ್ತರಿಸಿ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಕ್ಕಳು ಹೊಸ ಗೇಮಿಗಾಗಿ ಕಾಯುವುದನ್ನು ನಾವು ದೋಷವೆಂದು ಎಣಿಸುವುದಿಲ್ಲ. ಈ ಶಾಲೆಯಲ್ಲಿ ಓದಿದ ಹಿರಿಯರಲ್ಲಿ ಅನೇಕರು 'ಚಂದಮಾಮ'ದ ಮುಂದಿನ ಸಂಚಿಕೆಗಾಗಿ ಅಂಚೆಯವನ ದಾರಿ ಕಾದವರೇ. ಲೆಕ್ಕದ ಪುಸ್ತಕದ ಒಳಗೆ ಅದನ್ನು ಬಚ್ಚಿಟ್ಟು ಓದಿದವರೂ ಇಲ್ಲದಿಲ್ಲ. ಕಾಯುವುದರಲ್ಲಿ ಒಂದು ಸುಖವಿದೆ. ಆ ಸುಖವನ್ನು ಅನುಭವಿಸಿದವರು ಮಕ್ಕಳಿಗೆ ಅದನ್ನು ನಿಷೇಧಿಸುವುದು ನ್ಯಾಯವಲ್ಲ. ಇನ್ನು ಇಂತಹ ಆಟಗಳು ಗಂಡುಮಕ್ಕಳಿಗೆ ಮಾತ್ರ ಸೇರಿದವು ಎಂಬ ಮಾತನ್ನು, ನಮ್ಮ ಶಾಲೆಯ ಅಂಗಳದಲ್ಲಿ ಮಂಡಿ ತರಚಿಕೊಂಡು ಥ್ರೋಬಾಲ್ ಆಡಿದ ಯಾರೂ ಒಪ್ಪಲಾರರು. ನಮ್ಮ ಆಕ್ಷೇಪಣೆಯು ಕಾಯುವುದರ ಮೇಲೆ ಅಲ್ಲ, ಕಾಯದೆ ಮುಂಗಡ ಹಣ ಕೊಡುವುದರ ಮೇಲೆ.

ಈ 'ಬೇಸಿಗೆಯ ಗೇಮು' ಎಂಬ ಸಡಗರವು ಹೇಗೆ ಬಂದಿತೆಂಬುದನ್ನು ತಿಳಿದರೆ ಸಂಗತಿಯು ಅರ್ಧ ಬಿಡಿಸಿಹೋಗುತ್ತದೆ. 1995ರ ಮೇ ತಿಂಗಳಲ್ಲಿ ಅಮೇರಿಕದ ಲಾಸ್ ಏಂಜಲೀಸ್ ಪಟ್ಟಣದಲ್ಲಿ 'ಇ3' ಎಂಬ ದೊಡ್ಡ ಪ್ರದರ್ಶನವು ಪ್ರಾರಂಭವಾಯಿತು. ಅದು ಮುಖ್ಯವಾಗಿ ಮಕ್ಕಳಿಗಾಗಿ ನಡೆದುದಲ್ಲ, ವರ್ತಕರಿಗಾಗಿ ನಡೆದುದು. ಕ್ರಿಸ್ಮಸ್ ಕಾಲದ ವ್ಯಾಪಾರಕ್ಕೆ ಎಷ್ಟು ಸರಕು ತರಿಸಬೇಕೆಂದು ಅಂಗಡಿಯವರು ಮುಂಚಿತವಾಗಿ ನಿಶ್ಚಯಿಸುವುದಕ್ಕೆ ಅನುಕೂಲವಾಗುವಂತೆ, ಗೇಮು ತಯಾರಕರು ವರ್ಷದ ನಡುವೆಯೇ ತಮ್ಮ ಮಾಲಿನ ತುಣುಕುಗಳನ್ನು ತೋರಿಸುತ್ತಿದ್ದರು. ಜನರು ನೆರೆದು ನಡೆದ ಕಡೆಯ 'ಇ3' 2019ರ ಜೂನ್ ತಿಂಗಳಿನದು. 2023ರ ಡಿಸೆಂಬರಿನಲ್ಲಿ ಅದನ್ನು ಶಾಶ್ವತವಾಗಿ ನಿಲ್ಲಿಸಲಾಯಿತು. ಅಷ್ಟರಲ್ಲಿ 2020ರಲ್ಲಿಯೇ 'ಸಮ್ಮರ್ ಗೇಮ್ ಫೆಸ್ಟ್' ಎಂಬ ಮತ್ತೊಂದು ಉತ್ಸವವು ಹುಟ್ಟಿತ್ತು. ಇದನ್ನು ವರ್ತಕನು ನೋಡುವುದಕ್ಕಿಂತ ಹೆಚ್ಚಾಗಿ ನಮ್ಮ ಮಕ್ಕಳೇ ಮೊಬೈಲಿನಲ್ಲಿ, ನಡುರಾತ್ರಿ ಎಚ್ಚರವಿದ್ದು, ನೋಡುತ್ತಾರೆ. ವರ್ತಕನಿಗೆ ತೋರಿಸುತ್ತಿದ್ದ ಮಾದರಿಯನ್ನು ಈಗ ನೇರವಾಗಿ ಮಗುವಿಗೆ ತೋರಿಸಲಾಗುತ್ತಿದೆ. ವರ್ತಕನಾದರೋ ಚೌಕಾಶಿ ಬಲ್ಲವನಾಗಿದ್ದನು.

ಆದುದರಿಂದ ಬೇಸಿಗೆಯಲ್ಲಿ ಬರುವವು ಗೇಮುಗಳಿಗಿಂತ ಹೆಚ್ಚಾಗಿ ಗೇಮುಗಳ ವಾಗ್ದಾನಗಳು. ನಿಜವಾಗಿ ಬಂದವೂ ಉಂಟು. 2025ರ ಜೂನ್ 5ರಂದು ನಿಂಟೆಂಡೋ ಕಂಪನಿಯ 'ಸ್ವಿಚ್ 2' ಯಂತ್ರವೂ ಅದರೊಂದಿಗೆ 'ಮಾರಿಯೋ ಕಾರ್ಟ್ ವರ್ಲ್ಡ್' ಎಂಬ ಗೇಮೂ ಬಂದವು. ಜುಲೈ 17ರಂದು 'ಡಾಂಕಿ ಕಾಂಗ್ ಬನಾನ್ಜಾ' ಬಂದಿತು. ಆದರೆ ವಾಗ್ದಾನವು ಎಷ್ಟು ಜಾರಬಲ್ಲದೆಂಬುದಕ್ಕೆ 'ಗ್ರ್ಯಾಂಡ್ ಥೆಫ್ಟ್ ಆಟೋ 6' ಎಂಬುದನ್ನು ನೋಡಬಹುದು. ಅದು ಮೊದಲು 2025ರಲ್ಲಿ ಬರತಕ್ಕದ್ದೆಂದು ಸಾರಲಾಗಿತ್ತು. 2025ರ ಮೇ ತಿಂಗಳಲ್ಲಿ, 2026ರ ಮೇ 26 ಎಂದರು. ಅದೇ ವರ್ಷದ ನವೆಂಬರಿನಲ್ಲಿ, 2026ರ ನವೆಂಬರ್ 19 ಎಂದರು. (ಈ ಮಾಲಿಕೆಯ ಹಿಂದಿನ ಗೇಮಿಗೆ ಯೂರೋಪಿನಲ್ಲಿ 18 ವರ್ಷದ ಗುರುತು ಬಿದ್ದಿರುವುದರಿಂದ ಅದು ನಮ್ಮ ಹುಡುಗಿಯರ ಪಟ್ಟಿಯಲ್ಲಿ ಇರತಕ್ಕದ್ದೇ ಅಲ್ಲವೆಂಬುದು ಬೇರೆ ಮಾತು. ಪೆಟ್ಟಿಗೆಯ ಮೇಲಿನ ಆ ಅಂಕಿಯನ್ನು ತಂದೆತಾಯಿಗಳು ಔಷಧದ ಸೀಸೆಯ ಮೇಲಿನ ಚೀಟಿಯಂತೆ ಓದಬೇಕು.)

ವಾಗ್ದಾನಕ್ಕೆ ಮುಂಗಡವಾಗಿ ಹಣ ಕೊಟ್ಟವರ ಪಾಡು ಏನಾಗಬಹುದೆಂಬುದಕ್ಕೆ 'ಸೈಬರ್‌ಪಂಕ್ 2077'ರ ವೃತ್ತಾಂತವನ್ನು ಎಲ್ಲರೂ ಅರಿತಿರಬೇಕೆಂದು ನಮ್ಮ ಅಪೇಕ್ಷೆ. ಪೋಲೆಂಡಿನ ಒಂದು ಹೆಸರಾಂತ ಕಂಪನಿಯು 2012ರಲ್ಲಿಯೇ ಇದನ್ನು ಸಾರಿತ್ತು. 2020ರ ಏಪ್ರಿಲಿನಲ್ಲಿ ಬರುವುದೆಂದು ಹೇಳಿ, ಅಲ್ಲಿಂದ ಸೆಪ್ಟೆಂಬರಿಗೆ, ಸೆಪ್ಟೆಂಬರಿನಿಂದ ನವೆಂಬರಿಗೆ ಮುಂದೂಡಿ, ಕಡೆಗೆ ಡಿಸೆಂಬರ್ 10ರಂದು ಬಿಡುಗಡೆ ಮಾಡಿದರು. ಅಷ್ಟರೊಳಗಾಗಿ 80 ಲಕ್ಷ ಪ್ರತಿಗಳಿಗೆ ಜನರು ಮುಂಗಡವಾಗಿಯೇ ಬೇಡಿಕೆ ಸಲ್ಲಿಸಿದ್ದರು. ಬಂದ ಗೇಮು ಹಳೆಯ ಯಂತ್ರಗಳಲ್ಲಿ ತಡವರಿಸಿತು, ನಡುನಡುವೆ ನಿಂತುಹೋಯಿತು. ಒಂದು ವಾರದಲ್ಲಿಯೇ ಸೋನಿ ಕಂಪನಿಯು ಅದನ್ನು ತನ್ನ ಪ್ಲೇಸ್ಟೇಷನ್ ಅಂಗಡಿಯಿಂದ ತೆಗೆದುಹಾಕಿ, ಕೊಂಡವರಿಗೆ ಹಣ ಹಿಂತಿರುಗಿಸುವುದಾಗಿ ಸಾರಿತು. 2021ರ ಜೂನ್ ತಿಂಗಳವರೆಗೆ ಅದು ಆ ಅಂಗಡಿಗೆ ಮರಳಲಿಲ್ಲ. ವಿಚಿತ್ರವೇನೆಂದರೆ, ತಯಾರಕರು ಛಲ ಬಿಡದೆ ತಿದ್ದಿ ತಿದ್ದಿ 2023ರ ಸೆಪ್ಟೆಂಬರಿನ ಹೊತ್ತಿಗೆ ಅದೇ ಗೇಮನ್ನು ಬಹುಜನರು ಮೆಚ್ಚುವಂತೆ ಮಾಡಿದರು. ಅಂದರೆ ಮೊದಲು ಹಣ ಕೊಟ್ಟವರಿಗೆ ಬೇಯದ ಅನ್ನವೂ, ತಡವಾಗಿ ಬಂದವರಿಗೆ ಹದವಾದ ಊಟವೂ ದೊರೆಯಿತು.

ಹಿಂದೆ ಗೇಮುಗಳು ಪೆಟ್ಟಿಗೆಯಲ್ಲಿ ಬರುತ್ತಿದ್ದಾಗ, ಅಂಗಡಿಯಲ್ಲಿ ಮುಗಿದುಹೋದೀತೆಂಬ ಭಯವಿತ್ತು. ಮುಂಗಡ ಕೊಡುವುದರಲ್ಲಿ ಒಂದು ಅರ್ಥವಿತ್ತು. ಈಗ ಬಹುಪಾಲು ಗೇಮುಗಳು ತಂತಿಯ ಮೂಲಕ ಮನೆಗೇ ಇಳಿಯುತ್ತವೆ. ಬಾವಿಯ ನೀರು ಮುಗಿದೀತು, ಇವು ಮುಗಿಯುವವಲ್ಲ. ಹೀಗಿರುವಾಗ ಗೇಮಿನೊಳಗಿನ ಬೊಂಬೆಗೆ ಒಂದು ಹೆಚ್ಚಿನ ಅಂಗಿಯನ್ನು ಕೊಡುತ್ತೇವೆಂಬ ಆಸೆ ತೋರಿಸಿ ಮುಂಗಡ ಕೇಳುವುದು ಯಾರ ಹಿತಕ್ಕಾಗಿ? ಈಗಾಗಲೇ ಹಣ ಕಟ್ಟಿರುವ ಪೋಷಕರಿಗೆ ಒಂದು ಉಪಯುಕ್ತ ಸಂಗತಿಯನ್ನು ಹೇಳುತ್ತೇವೆ: 'ಸ್ಟೀಮ್' ಎಂಬ ಅಂಗಡಿಯಲ್ಲಿ ಮುಂಗಡ ಕೊಟ್ಟದ್ದನ್ನು ಬಿಡುಗಡೆಗೆ ಮೊದಲು ಯಾವಾಗಲಾದರೂ ಹಿಂದಕ್ಕೆ ಪಡೆಯಬಹುದು, ಬಿಡುಗಡೆಯಾದ ಮೇಲೆ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕೇಳಿ ಪಡೆಯಬಹುದು.

ಕಾಯಿಸುವುದೆಲ್ಲವೂ ಮೋಸವೆಂದು ಮಾತ್ರ ಯಾರೂ ತಿಳಿಯಬಾರದು. ಆಸ್ಟ್ರೇಲಿಯದ ಅಡಿಲೇಡ್ ಪಟ್ಟಣದಲ್ಲಿ ಕೆಲವೇ ಮಂದಿ ಸೇರಿ ನಡೆಸುವ 'ಟೀಮ್ ಚೆರ್ರಿ' ಎಂಬ ಸಣ್ಣ ಮಂಡಲಿಯು 2019ರ ಫೆಬ್ರವರಿಯಲ್ಲಿ 'ಹಾಲೋ ನೈಟ್: ಸಿಲ್ಕ್‌ಸಾಂಗ್' ಎಂಬುದನ್ನು ಸಾರಿತು. ಪ್ರತಿ ಬೇಸಿಗೆಯ ಉತ್ಸವದಲ್ಲಿಯೂ ಮಕ್ಕಳು ಅದರ ಹೆಸರನ್ನು ಕಾದರು. ಕಾದು ಕಾದು ಅದೊಂದು ನಗೆಮಾತೇ ಆಯಿತು. 2025ರ ಆಗಸ್ಟ್ 21ರಂದು, ಇನ್ನೆರಡೇ ವಾರವೆಂದು ಹೇಳಿ, ಸೆಪ್ಟೆಂಬರ್ 4ರಂದು 20 ಡಾಲರಿಗೆ ಮಾರಿದರು. ಆ ದಿನ ನುಗ್ಗಿದ ಜನರನ್ನು ತಾಳಲಾರದೆ ದೊಡ್ಡ ದೊಡ್ಡ ಅಂಗಡಿಗಳೇ ಸ್ವಲ್ಪ ಹೊತ್ತು ಕೆಲಸ ಮಾಡದಾದವು. ಆರು ವರ್ಷ ಕಾಯಿಸಿದವರ ಮೇಲೆ ಮಕ್ಕಳಿಗೆ ಸಿಟ್ಟು ಬರಲಿಲ್ಲವೇಕೆಂದರೆ, ಅಡಿಗೆ ಆಗುವವರೆಗೆ ಅವರು ಎಲೆ ಹಾಕಿರಲಿಲ್ಲ.

ಬೇಸಿಗೆಯಲ್ಲಿ ಬಂದ ಇನ್ನೊಂದು ಗೇಮನ್ನು ಹೆಸರಿಸದೆ ಇರಲಾರೆವು. 2023ರ ಜುಲೈ 31ರಂದು, ಕೆನಡಾದ ಟೊರಾಂಟೋ ಪಟ್ಟಣದ ಒಂದು ಚಿಕ್ಕ ಮಂಡಲಿಯವರು 'ವೆಣ್ಬಾ' ಎಂಬುದನ್ನು ಹೊರತಂದರು. ತಮಿಳು ನಾಡಿನಿಂದ ಕೆನಡಾಕ್ಕೆ ಹೋಗಿ ನೆಲೆಸಿದ ಒಬ್ಬ ತಾಯಿಯ ಕಥೆ ಅದು. ಆಕೆಯ ತಾಯಿ ಕೊಟ್ಟ ಅಡಿಗೆಯ ಪುಸ್ತಕವು ಹರಿದು ಮಾಸಿದೆ. ಬಿಟ್ಟುಹೋದ ಸಾಲುಗಳನ್ನು ಊಹಿಸಿ ಅಡಿಗೆ ಮಾಡುವುದೇ ಆಟ. ಮೊದಲನೆಯ ಪಾಠವು ಇಡ್ಲಿ. ತಟ್ಟೆಗಳನ್ನು ಹೇಗೆ ಜೋಡಿಸಿದರೆ ಆವಿಯು ಎಲ್ಲ ಇಡ್ಲಿಗೂ ತಾಗೀತೆಂಬುದನ್ನು ಕಂಡುಹಿಡಿಯಬೇಕು. ಇದನ್ನು ಆಡುವಾಗ ಮಗಳು ಸೋತು ತಾಯಿಯನ್ನು ಕರೆದ ಮನೆಗಳು ನಮಗೆ ಗೊತ್ತು; ತಾಯಿಯು ಕೈ ಒರೆಸಿಕೊಂಡು ಬಂದು, "ಅಯ್ಯೋ, ತೂತಿನ ಮೇಲೆ ಇಡ್ಲಿ ಬರಕೂಡದು ಕಣೇ" ಎಂದು ಹೇಳಿಕೊಟ್ಟದ್ದೂ ಗೊತ್ತು. ಇಡೀ ಗೇಮು ಒಂದು ಸಂಜೆಯಲ್ಲಿ ಮುಗಿಯುತ್ತದೆ. 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯವರು ಹೊಸಬರ ಮೊದಲ ಗೇಮಿಗೆ ಕೊಡುವ ಬಹುಮಾನವನ್ನು ಇದಕ್ಕೆ ಕೊಟ್ಟರು. ಜೂನಿನ ಉತ್ಸವಗಳಲ್ಲಿ ಸಿಡಿಮದ್ದಿನಂತೆ ಹಾರುವ ದೊಡ್ಡ ಹೆಸರುಗಳ ನಡುವೆ ಇಂತಹವುಗಳನ್ನು ಹುಡುಕುವುದು ಹೇಗೆಂದು ಮಕ್ಕಳಿಗೆ ಕಲಿಸಬೇಕಾಗಿದೆ. ಅಥವಾ ಅವರಿಂದ ನಾವೇ ಕಲಿಯಬೇಕಾಗಿದೆ.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಸಲಹೆಯು ಬಹಳ ಸರಳ: ಜೂನಿನಲ್ಲಿ ನೋಡಲಿ, ದಸರೆಗೆ ಕೊಳ್ಳಲಿ. ನಮ್ಮ ಕ್ಯಾಲೆಂಡರಿನಲ್ಲಿ ದಸರೆಯ ರಜೆಯು ಇರುವ ಸ್ಥಳವು ಈ ಕೆಲಸಕ್ಕೆ ಬಹಳ ಒಪ್ಪುವಂಥದ್ದು. ಅಷ್ಟರಲ್ಲಿ ಗೇಮಿನ ಕುಂದುಗಳು ಬಯಲಿಗೆ ಬಂದು ಕೆಲವಾದರೂ ತಿದ್ದಲ್ಪಟ್ಟಿರುತ್ತವೆ, ಆಡಿದವರು ಜಾಹೀರಾತಿನ ಭಾಷೆಯಲ್ಲದೆ ಮನುಷ್ಯರ ಭಾಷೆಯಲ್ಲಿ ಅಭಿಪ್ರಾಯ ಹೇಳಿರುತ್ತಾರೆ, ಎಷ್ಟೋ ಗೇಮುಗಳ ಬೆಲೆಯೂ ಇಳಿದಿರುತ್ತದೆ. ನಿಂಟೆಂಡೋದವರು ಬೆಲೆ ಇಳಿಸುವುದು ಅಪರೂಪ, ಅದನ್ನು ಒಪ್ಪುತ್ತೇವೆ. ಗೆಳತಿಯರೆಲ್ಲರೂ ಒಟ್ಟಿಗೆ ಕೂಡಿ ಆಡುವ ಗೇಮಾದರೆ ನಾಲ್ಕು ತಿಂಗಳು ತಡವಾದವಳು ಒಂಟಿಯಾದಾಳೆಂಬ ಆಕ್ಷೇಪಣೆಯೂ ಸುಳ್ಳಲ್ಲ. ಅಂತಹ ಒಂದಕ್ಕೆ ಮನೆಯವರು ಕೂತು ಮಾತಾಡಿ ವಿನಾಯಿತಿ ಕೊಡಬಹುದು. ಆದರೆ ಒಂದಕ್ಕೆ ಮಾತ್ರ.

ನಮ್ಮ ಮನೆಯಲ್ಲಿ ಈ ಪದ್ಧತಿಯನ್ನು ಪ್ರಾರಂಭಿಸಿದ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಜೂನಿನಲ್ಲಿ ಹನ್ನೊಂದು ಹೆಸರುಗಳ ಪಟ್ಟಿ ಬರೆದು ಅಲ್ಮೆರಾದ ಬಾಗಿಲಿಗೆ ಅಂಟಿಸಿದಳು. ಕಿರುಪರೀಕ್ಷೆ ಮುಗಿಯುವ ಹೊತ್ತಿಗೆ ಐದನ್ನು ಅವಳೇ ಹೊಡೆದುಹಾಕಿದ್ದಳು. ಏಕೆಂದು ಕೇಳಿದರೆ, "ಚೆನ್ನಾಗಿಲ್ಲವಂತೆ ದೊಡ್ಡಮ್ಮಾ" ಎಂದಳು. ಆಯುಧಪೂಜೆಯ ಮುನ್ನಾದಿನ ಉಳಿದ ಆರರಲ್ಲಿ ಎರಡನ್ನು ಕೊಂಡೆವು. ಪಟ್ಟಿಯು ಇನ್ನೂ ಅಲ್ಲಿಯೇ ಇದೆ. ಅದರ ಕೆಳಗೆ ಪೆನ್ಸಿಲಿನಿಂದ ಮುಂದಿನ ಬೇಸಿಗೆಯ ಮೂರು ಹೆಸರುಗಳನ್ನು ಆಗಲೇ ಬರೆದಿದ್ದಾಳೆ.