ಶಿಕ್ಷೆಯಾದವರ ಜೊತೆ ಸ್ನೇಹ: ಎಲ್ಲಿಯವರೆಗೆ?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಟೀ ಅಂಗಡಿಯಲ್ಲಿ ಕೂತರೆ ಈ ಮಾತು ಇನ್ನೂ ಕಿವಿಗೆ ಬೀಳುತ್ತದೆ: "ಏನೇ ಆಗ್ಲಿ, ನಮ್ ಹುಡ್ಗ ಕಣ್ರೀ. ಕಷ್ಟ ಬಂದಾಗ ಕೈ ಬಿಡಕ್ಕಾಗುತ್ತಾ?"

ಹೀಗೆ ಹೇಳುವವರು ಕೆಟ್ಟವರಲ್ಲ. ಅವರ ಮನೆ ಮದುವೆಗೆ ಆತ ಬಂದಿರಬಹುದು. ಆಸ್ಪತ್ರೆಗೆ ಒಂದು ಫೋನ್ ಮಾಡಿಸಿರಬಹುದು. ಆ ಋಣವನ್ನು ನಾವು ಗೇಲಿ ಮಾಡುವುದಿಲ್ಲ. ಆದರೆ ಋಣ ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಲೇಬೇಕಾಗಿದೆ.

ಮೊದಲು ನಡೆದದ್ದು ನೋಡೋಣ. ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅತ್ಯಾಚಾರ ಪ್ರಕರಣದಲ್ಲಿ ಅಪರಾಧಿ ಎಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 1ರಂದು ಹೇಳಿತು. ಮರುದಿನ, ಜೀವ ಇರುವವರೆಗೂ ಜೈಲು ಎಂದು ಶಿಕ್ಷೆ ವಿಧಿಸಿತು. ದೂರು ಕೊಟ್ಟವರು ಅವರ ಕುಟುಂಬದ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸು. ಆಕೆಯ ಸೀರೆಯಲ್ಲಿ ಸಿಕ್ಕ ಡಿಎನ್‌ಎ ದೊಡ್ಡ ಸಾಕ್ಷಿಯಾಯಿತು. ಹೈಕೋರ್ಟ್‌ಗೆ ಮೇಲ್ಮನವಿ ಹೋಗಿದೆ, ಅದು ಅವರ ಹಕ್ಕು. ಮೇಲಿನ ಕೋರ್ಟ್ ಬೇರೆ ಹೇಳುವವರೆಗೆ ಈ ತೀರ್ಪೇ ತೀರ್ಪು.

ಹಾಗಾದರೆ ಗೆಳೆಯರು ಏನು ಮಾಡಬೇಕು? ಸಂಬಂಧ ಕಡಿದುಕೊಳ್ಳಿ ಎಂದು ನಾವು ಹೇಳುವುದಿಲ್ಲ. ಜೈಲಿಗೆ ಹೋಗಿ ಮಾತಾಡಿಸಿಕೊಂಡು ಬರಬಹುದು. ವಕೀಲರ ಖರ್ಚಿಗೆ ನೆರವಾಗಬಹುದು. ಮನೆಯವರ ಕಷ್ಟಸುಖ ವಿಚಾರಿಸಬಹುದು. ಜೈಲಿನಲ್ಲಿರುವ ಮನುಷ್ಯನಿಗೂ ಮುಖ ನೋಡಿ "ನೀನು ಮಾಡಿದ್ದು ತಪ್ಪು" ಎಂದು ಹೇಳುವ ಒಬ್ಬ ಗೆಳೆಯ ಬೇಕು. ಅದನ್ನು ಹೇಳಲಾಗದ ಸ್ನೇಹ ಬರೀ ಹಂಗು.

ಒಂದು ಪರೀಕ್ಷೆ ಮಾಡಿಕೊಳ್ಳಿ. ಇದೇ ತಪ್ಪಿಗೆ ನಿಮ್ಮೂರಿನ ಕೂಲಿಯವರ ಮಗ ಜೈಲಿಗೆ ಹೋಗಿದ್ದರೆ "ನಮ್ ಹುಡ್ಗ" ಎನ್ನುತ್ತಿದ್ದಿರಾ? ಅವನ ಮನೆಯವರಿಗೆ ಊರಲ್ಲಿ ತಲೆ ಎತ್ತಿ ಓಡಾಡಲು ಬಿಡುತ್ತಿದ್ದೆವಾ? ಇಲ್ಲ ಎಂದಾದರೆ, ನಾವು ಕೈ ಬಿಡದೆ ಹಿಡಿದಿರುವುದು ಮನುಷ್ಯನನ್ನಲ್ಲ, ದೊಡ್ಡ ಮನೆಯನ್ನು.

ಸ್ನೇಹ ದಾಟಬಾರದ ಗೆರೆಗಳೂ ಇವೆ. "ಅವಳೇ ಸರಿ ಇಲ್ಲ" ಎನ್ನುವುದು ಸ್ನೇಹವಲ್ಲ, ಇನ್ನೊಂದು ಪೆಟ್ಟು. ಆಕೆ ಯಾರು, ಯಾವ ಊರು ಎಂದು ಗುರುತು ಬಹಿರಂಗ ಮಾಡುವುದು ಅಪರಾಧ: ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್‌ನಲ್ಲಿ ಎರಡು ವರ್ಷದವರೆಗೆ ಜೈಲು ಇದೆ. ಅಶ್ಲೀಲ ವಿಡಿಯೊ ಹಂಚಿದರೆ ಐಟಿ ಕಾಯ್ದೆಯ 67ಎ ಅಡಿ ಮೊದಲ ಸಲಕ್ಕೇ ಐದು ವರ್ಷದವರೆಗೆ.

ವಿಡಿಯೊ ವಿಷಯದಲ್ಲಿ ನಾವೂ ತಪ್ಪಿತಸ್ಥರು. 2024ರ ಏಪ್ರಿಲ್ 26ರ ಮತದಾನಕ್ಕೆ ಮುಂಚೆ ಹಾಸನದಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದಾಗ, ಪತ್ರಿಕೋದ್ಯಮ ಓದಿದ ನಮ್ಮ ಬಾಯಲ್ಲೂ ಮೊದಲು ಬಂದ ಪ್ರಶ್ನೆ "ಯಾರಂತೆ ಅವರು?" ಎಂಬುದೇ. ಮುಖ ಕಂಡ ಹೆಂಗಸರು ಊರು ಬಿಟ್ಟು ಹೋಗಬೇಕಾಯಿತು. ಅವರನ್ನು ಓಡಿಸಿದ್ದು ಒಬ್ಬನೇ ಅಲ್ಲ. ಫಾರ್ವರ್ಡ್ ಮಾಡಿದ ಸಾವಿರಾರು ಕೈಗಳೂ ಅದರಲ್ಲಿದ್ದವು.

ಜೈಲಿನಲ್ಲಿರುವವರಿಗೆ ಇಷ್ಟೊಂದು ಗೆಳೆಯರಿದ್ದಾರೆ. ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದ ಆ ಕೆಲಸದ ಹೆಂಗಸಿಗೆ ಯಾರಿದ್ದಾರೆ? ಆಕೆಗೆ ನಾಳೆ ಮತ್ತೆ ಕೂಲಿ ಕೊಡುವವರು ಯಾರು? ಆಕೆ ಬಂದರೆ ಎದ್ದು ಹೋಗದೆ ಪಕ್ಕದಲ್ಲಿ ಕೂರುವವರು ಯಾರು?

ನಿಮ್ಮ ಸ್ನೇಹ ನಿಮ್ಮದು, ಇರಲಿ. ಆದರೆ ಅದರ ಬೆಲೆಯನ್ನು ಆಕೆ ಕಟ್ಟುವಂತಾಗಬಾರದು. ಆ ವಿಡಿಯೊ ಇನ್ನೂ ಫೋನಿನಲ್ಲಿದ್ದರೆ, ಇದನ್ನು ಓದಿ ಮುಗಿಸಿದ ಕೂಡಲೇ ಅಳಿಸಿಬಿಡಿ.