ಶಾಲೆಗೆ ಬಂದ ಅತಿಥಿ

ನಾನು ಬಂಗಾರಪೇಟೆಯಲ್ಲಿ ಉಪಾಧ್ಯಾಯನಾಗಿದ್ದಾಗ, ಸುಖವೆಂದರೇನು, ಬಾಳಿಗೆ ಅರ್ಥವೇನು ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಲು ಹೊರಗಿನವರನ್ನು ಕರೆಸಿ ಭಾಷಣ ಮಾಡಿಸುವ ಪದ್ಧತಿಯನ್ನಿಟ್ಟಿದ್ದೆವು. ಬಂದವರೆಲ್ಲರೂ ದೊಡ್ಡ ಹುದ್ದೆಯವರು. ಅವರ ಮಾತು ಮುಗಿಯುವುದಕ್ಕೆ ಮೊದಲೇ ಹುಡುಗರು ಆಕಳಿಸುತ್ತಿದ್ದರು. (ನನಗೂ ಆಕಳಿಕೆ ಬರುತ್ತಿತ್ತೆಂಬುದನ್ನು ಮುಚ್ಚಿಡಲಾರೆನು.)

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅದಾದ ಕೆಲವು ವರ್ಷಗಳ ಮೇಲೆ, ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದಿದ್ದ ವೃದ್ಧರೊಬ್ಬರನ್ನು ಕರೆತಂದೆನು. ಮೂರು ಕಿಲೋಮೀಟರಿಗೂ ಮಿಗಿಲಾದ ಆಳ, ಕಾದ ಬಂಡೆ, ಯಾವ ಕ್ಷಣದಲ್ಲಿ ಸಿಡಿದೀತೆಂದು ತಿಳಿಯದ ಕಲ್ಲು, ಇವನ್ನೆಲ್ಲ ಅವರು ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು. ಒಬ್ಬ ಹುಡುಗನು, “ತಾತ, ಅಷ್ಟು ಚಿನ್ನ ತೆಗೆದಿರಲ್ಲ, ಸುಖ ಸಿಕ್ಕಿತೆ?” ಎಂದನು.

“ಚಿನ್ನ ನಾನೆಲ್ಲಿ ನೋಡಿದೆ ಕಣಪ್ಪ? ನೋಡಿದ್ದು ಕಲ್ಲು. ಪಾಳಿ ಮುಗಿದು ಕೇಜು ಮೇಲೆ ಬಂದಾಗ ಜೊತೆಗಾರರನ್ನು ಎಣಿಸುತ್ತಿದ್ದೆ. ಇಳಿದವರೆಲ್ಲ ಬಂದಿದ್ದರೆ ಅವತ್ತು ಊಟ ರುಚಿಸುತ್ತಿತ್ತು.”

ಯಮನು ಕೊಡಬಂದ ಹೊನ್ನನ್ನು ಒಲ್ಲೆನೆಂದ ನಚಿಕೇತನ ಕಥೆಯನ್ನೂ ಶ್ರೇಯಸ್ಸು ಪ್ರೇಯಸ್ಸುಗಳ ಭೇದವನ್ನೂ ನಾನು ಎಷ್ಟೋ ವರ್ಷ ಪಾಠ ಹೇಳಿದ್ದೆನು. ತರಗತಿಯು ಆ ದಿನದಂತೆ ನಿಶ್ಶಬ್ದವಾಗಿದ್ದುದನ್ನು ಎಂದೂ ಕಾಣೆನು.

ಮರುದಿನ ಕೊನೆಯ ಸಾಲಿನ ಬಾಲಕನೊಬ್ಬನು ಬಳಿಗೆ ಬಂದು, “ಸಾರ್, ನಮ್ಮಪ್ಪನನ್ನೂ ಕರೆಯುತ್ತೀರಾ?” ಎಂದು ಕೇಳಿದನು. ಆ ತಂದೆಯು ದಿನವೂ ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗಿ, ಮಗನು ಮಲಗಿದ ಮೇಲೆ ಹಿಂದಿರುಗುವವನು. ಬಿಡುವು ಭಾನುವಾರ ಮಾತ್ರ. ಆ ಭಾನುವಾರ ಶಾಲೆಯ ಬಾಗಿಲನ್ನು ತೆರೆದೆವು.